ಒಂದಕ್ಕೆ ಎಂಬತ್ತೇಳು

ಹಗಲೆಲ್ಲ ಹೊಕ್ವಿಯಂ ಊರಿನ ಬಾಯಿಗಳಿಗೆ
ಹಲ್ಲು ಕಡೆದು ಕೊಡುವವಳು ನಾನು.
ರಾತ್ರಿ, ಅದೇ ಬರ್‌ಗಳಲ್ಲಿ, ಅದೇ ದೀಪದಡಿ
ಮರ ಕಡಿಯುತ್ತೇನೆ.

ಕಾಡು ಇರುವುದು ಬಾಗಿಲೊಂದರ ಮೇಲೆ.
ಯಾರೋ ಬೀದಿಗಿಟ್ಟ ಬಚ್ಚಲಮನೆಯ ಬಾಗಿಲು;
ಹಿಡಿಕೆಯ ತೂತು ಈಗ ಕೆಸರಿನ ಹೊಂಡ.
ಒಂದಕ್ಕೆ ಎಂಬತ್ತೇಳರ ಲೆಕ್ಕ:
ಆರಡಿ ಆಳು ಮೂರು ಅಕ್ಕಿಕಾಳಿನುದ್ದ,
ಉರುಳಿಸಿದ ಕೊರಡು ನನ್ನ ಹೆಬ್ಬೆರಳ ಗಾತ್ರ.
ಹಿತ್ತಲ ಆಲ್ಡರ್ ಕಡ್ಡಿ, ಫರ್ ಮರದ ವೇಷದಲ್ಲಿ.
ತೊಗಟೆಯ ಬಿರುಕು ಒಂದೊಂದನ್ನೂ ಕೊರೆದೆ
ದವಡೆಹಲ್ಲಿಗೆ ಗೆರೆ ಕೊರೆದ ಹಾಗೆ.

ಕ್ರೇನು ಮಾತ್ರ ಪೆಟ್ಟಿಗೆಯಲ್ಲಿ ಬಂದದ್ದಲ್ಲ.
ಬಾಯ್ಲರಿಗೆ ಮುಗಿದ ಲಿಪ್‌ಸ್ಟಿಕ್ಕಿನ ಕೊಳವೆ,
ಹೊಗೆಗೊಳವಿಗೆ ಪೆನ್ನಿನ ರಿಫಿಲ್ಲು,
ರಾಟೆಗೆ ಅಂಗಿಯ ಗುಂಡಿ
(ಆ ಅಂಗಿ ಇನ್ನೂ ಪಿನ್ನಿನಲ್ಲೇ ಆಫೀಸಿಗೆ ಹೋಗುತ್ತಿದೆ).
ಹಗ್ಗ ಸುತ್ತಲು ನಿಂತುಹೋದ ಗಡಿಯಾರದ ಹಲ್ಲುಚಕ್ರ;
ಹಲ್ಲು ಬಿಟ್ಟು ನನಗೆ ಗತಿಯಿಲ್ಲ.
ತೋಳು ಹಿತ್ತಾಳೆಯದು, ಮುಕ್ಕಾಲು ಗೇಣು,
ಇಪ್ಪತ್ತೆರಡು ಬೆಸುಗೆ.
ಹದಿಮೂರನೆಯದು ಹಿಡಿಯಿತೋ, ಹನ್ನೊಂದನೆಯದು ಬಿಟ್ಟಿತು.
ಚಾಮರಾಜನಗರದ ನನ್ನಜ್ಜಿಯ ಬೈಗುಳ
ಇಷ್ಟು ದೂರ ಬಂದು ಕೆಲಸಕ್ಕೊದಗಿತು.

ಎಲ್ಲವೂ ಲೆಕ್ಕದಂತೆ ಕುಗ್ಗಿತು.
ಭಾರವೊಂದು ಲೆಕ್ಕ ಮೀರಿ ಕುಗ್ಗಿತು.
ಮೇಣ ಉಜ್ಜಿದ ದಾರದ ತುದಿಯಲ್ಲಿ ಕೊರಡು
ತೂಗದೆ ಸುಮ್ಮನೆ ಗಿರಗಿರ,
ಕೆಲಸವಿಲ್ಲದ ಜೇಡದಂತೆ.
ಕೊನೆಗೆ ಅದರ ನರ ತೆಗೆದೆ.
ಒಳಗೆ ಸೀಸ ತುಂಬಿ, ಬಾಯಿಗೆ ಮೇಣ ಮೆತ್ತಿ,
ಮೇಲೆ ಪೆನ್ಸಿಲ್ಲಿನಲ್ಲಿ ಸುತ್ತು ಬರೆದೆ,
ಇನ್ನೂರು ವರ್ಷ, ಅರ್ಧ ಗಂಟೆಯಲ್ಲಿ.
ದಾರ ಬಿಗಿಯಿತು.

ಹೊಟ್ಟು ಚೆಲ್ಲಿದರೆ
ಒಂದೊಂದು ಕಣವೂ ಇಟ್ಟಿಗೆಯಷ್ಟು.
ಕಾಫಿ ಬೀಸುವ ಯಂತ್ರದಲ್ಲಿ ಎರಡು ಸಲ ಬೀಸಿದೆ.
ಆ ವಾರವಿಡೀ ಕಾಫಿಗೆ ಮರದ ವಾಸನೆ.

ನೋಡಲು ಬಂದವನು ಆಚೆಮನೆಯ ವೈಕ್ಕೊ ಸಾರೆಲ.
ಮೊದಲು ಉಗಿಯದು, ಆಮೇಲೆ ಡೀಸೆಲ್ಲಿನದು,
ಮೂವತ್ತೊಂದು ವರ್ಷ ನಿಜದ ಕ್ರೇನು ನಡೆಸಿದವನು;
ಅವನ ಎರಡು ದವಡೆ ನನ್ನ ಕೈಯವೇ.
ಕನ್ನಡಕ ಹಣೆಗೇರಿಸಿ ಬಗ್ಗಿದ. ಬಹಳ ಹೊತ್ತು.
"ಬಾಯ್ಲರು ಚೆನ್ನಾಗಿದೆ."
ಲಿಪ್‌ಸ್ಟಿಕ್ಕು, ಅಂದೆ. ನಗಲಿಲ್ಲ.

ಕೆಂಪು ಟೊಪ್ಪಿಯ ಆಳೊಬ್ಬನನ್ನು
ಹಗ್ಗದ ಬಾಗಿನೊಳಗೆ ನಿಲ್ಲಿಸಿದ್ದೆ ನಾನು,
ಕಣ್ಣಿಗೆ ಅಂದವೆಂದು.
ಅಲ್ಲಿಗೆ ಬೆರಳಿಟ್ಟ.
"ಇಲ್ಲಿ ಯಾರೂ ನಿಲ್ಲುವುದಿಲ್ಲ.
ಹಗ್ಗ ಸಡಿಲವಿದ್ದಾಗ ಇದು ಬರೀ ನೆಲ."
ಯಾರೂ? ಅಂದೆ.
ಕೊರಡಿನ ಸುತ್ತುಗಳನ್ನು ಎಣಿಸುತ್ತಿರುವವನ ಹಾಗೆ ನಿಂತಿದ್ದ.
"ಒನ್ನಿ ನಿಂತಿದ್ದ. ಲಿವರು ನನ್ನ ಕೈಲಿತ್ತು."

ಒನ್ನಿ ಅಂದರೆ ಅವರ ಫಿನ್ನಿಶ್ ನುಡಿಯಲ್ಲಿ ಅದೃಷ್ಟ.
ಅದನ್ನೂ ಅವನೇ ಹೇಳಿದ, ಸಿಟ್ಟಿನಿಂದ,
ಹೆಸರಿಟ್ಟವಳು ನಾನೇ ಎಂಬಂತೆ.

ಚಿಮಟ ಕೊಟ್ಟೆ.
ಹತ್ತು ಟನ್ನಿನ ಮರವನ್ನು ಸದ್ದಿಲ್ಲದೆ
ರೈಲಿನ ಬೆನ್ನಿಗಿಳಿಸುತ್ತಿದ್ದ ಕೈ
ಮೂರು ಅಕ್ಕಿಕಾಳನ್ನು ಎತ್ತಲಾರದೆ ನಡುಗಿತು.
ಎತ್ತಿತು ಕೊನೆಗೆ.
ಆಳಿನ ಒಂದು ಪಾದ ಅಂಟಿನಲ್ಲೇ ಉಳಿಯಿತು.

ದೂರದ ಮೋಟುಮರದ ಹಿಂದೆ ಅವನನ್ನಿಟ್ಟ.
ಆಮೇಲೆ ಅಳೆದು ನೋಡಿದೆ, ಲೆಕ್ಕಕ್ಕೆ ಇನ್ನೂರಡಿ.
ಹೊಸ ಪಾದ ನನಗೆ ಹತ್ತು ನಿಮಿಷದ ಕೆಲಸ;
ಹಳೆಯದರ ಮೇಲೆ ಹೊಟ್ಟು ಉದುರಿಸಲೆಂದು
ಚಿಟಿಕೆ ಹಿಡಿದು ನಿಂತಿದ್ದೆ.
ಅಷ್ಟರಲ್ಲಿ ಅವನು
ಗಡಿಯಾರದ ಕೀಲಿಗೆ ಕೈ ಹಾಕಿದ.

ಕೊರಡು ಎದ್ದಿತು.
ಬಾಗಿದ್ದ ದಾರ ಸೆಟೆದು
ಖಾಲಿ ನೆಲದ ಮೇಲೆ ಹಾದುಹೋಯಿತು.
"ಇನ್ನೊಮ್ಮೆ," ಅಂದ, ತನಗೇ.
ಇಳಿಸಿದ, ಎತ್ತಿದ, ಇಳಿಸಿದ.
ಕಾಫಿ ಆರಿತು.
ಹನ್ನೊಂದನೆಯ ಬೆಸುಗೆ ಬಿಡಲಿಲ್ಲ.